ಮೆತ್ತಿನ ಮೇಲೆ ಲಿನಕ್ಸ್ ಲ್ಯಾಪ್‌ಟಾಪಿಗೆ ವೈಫೈ ನಿಲ್ಲುತ್ತಿಲ್ಲ, ಫೋನಿಗೆ ಸರಿ ಇದೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ – ತುಂಗೆದಡ

ತೀರ್ಥಹಳ್ಳಿ ಹತ್ತಿರದ ಹಳ್ಳಿಮನೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು. ಫೈಬರ್ ರೂಟರ್ ಜಗಲಿಯಲ್ಲಿದೆ, ಕೂತು ಕೆಲಸ ಮಾಡುವುದು ಮೆತ್ತಿನ ಮೇಲೆ, ಅಂದರೆ ಮೇಲಿನ ಅಂತಸ್ತಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 21.3, ಕರ್ನಲ್ (ಲಿನಕ್ಸಿನ ಒಳತಿರುಳು) 5.15.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪುಟಗಳು ತೆರೆಯುವುದು ನಿಲ್ಲುತ್ತದೆ. ಮೂಲೆಯ ವೈಫೈ ಗುರುತು ಹಾಗೇ ಇರುತ್ತದೆ, ಕನೆಕ್ಟೆಡ್ ಅಂತಲೇ ತೋರಿಸುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತದೆ. ಮುಚ್ಚಳ ಮುಚ್ಚಿ ತೆರೆದಾಗ ಕೆಲವು ಸಲ ವೈಫೈ ಪಟ್ಟಿಯೇ ಖಾಲಿ. 5 ಗಿಗಾಹರ್ಟ್ಸ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಅದೇ ಜಾಗದಲ್ಲಿ ಫೋನಿಗೆ ಏನೂ ತೊಂದರೆಯಿಲ್ಲ.

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಕೊಟ್ಟರೆ ಕಾರ್ಡ್ 10ಇಸಿ:ಸಿ821 ಎಂದು ಬರುತ್ತದೆ. 'ಕರ್ನಲ್ ಡ್ರೈವರ್ ಇನ್ ಯೂಸ್' ಮುಂದೆ ಆರ್‌ಟಿಎಲ್8821ಸಿಇ ಇದೆ. ಒಂದು ವೀಡಿಯೊದಲ್ಲಿ ಹೇಳಿದ ಡಿಕೆಎಂಎಸ್ (ಹೊರಗಿನ ಡ್ರೈವರನ್ನು ಕರ್ನಲ್ಲಿಗೆ ಕಟ್ಟಿಕೊಡುವ ಸಾಧನ) ಡ್ರೈವರ್ ಹಾಕಿದ್ದೇನೆ, ವ್ಯತ್ಯಾಸ ಕಾಣಲಿಲ್ಲ. ಮಳೆಗಾಲದಲ್ಲಿ ಜಾಸ್ತಿ ಅನ್ನಿಸುತ್ತದೆ. ಮಳೆಗೂ ಇದಕ್ಕೂ ಸಂಬಂಧ ಉಂಟಾ? ಯುಎಸ್‌ಬಿ ವೈಫೈ ಕಡ್ಡಿ ತರಿಸುವುದೋ, ಇದನ್ನೇ ಸರಿಮಾಡಬಹುದೋ?

ಉತ್ತರ – ಕರ್ನಲ್‌ಕಾನು, ಶಿವಮೊಗ್ಗ

ಸರಿಮಾಡಬಹುದು. ಆದರೆ ಇನ್ನೊಂದು ಡ್ರೈವರ್ ಹಾಕುವ ಮೊದಲು ಎಲ್ಲಿ ಕಡಿಯುತ್ತಿದೆ ಅನ್ನುವುದು ಗೊತ್ತಾಗಬೇಕು. ಲ್ಯಾಪ್‌ಟಾಪಿನಿಂದ ರೂಟರಿನವರೆಗೆ ಒಂದು ದಾರಿ, ರೂಟರಿನಿಂದ ಆಚೆಗೆ ಇನ್ನೊಂದು, ಹೆಸರನ್ನು ವಿಳಾಸ ಮಾಡಿಕೊಡುವ ಡಿಎನ್‌ಎಸ್ ಮೂರನೆಯದು. ಯಾವುದು ಕೈಕೊಟ್ಟರೂ ಬ್ರೌಸರಿನಲ್ಲಿ ಕಾಣುವುದು ಒಂದೇ: ಪುಟ ತೆರೆಯುವುದಿಲ್ಲ.

ಫೋನಿನ ಮಾತು ಮೊದಲು. ಫೋನಿಗೆ ವೈಫೈ ನಿಂತರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳುತ್ತದೆ. ಹಾಗಾಗಿ ಡೇಟಾ ಪೂರ್ತಿ ಆಫ್ ಮಾಡಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟು ಹೋಲಿಸಿ. ಆಗಲೂ ಫೋನಿಗೆ ಸರಿಯಿದ್ದರೆ ಮಾತ್ರ ತಪ್ಪು ಲ್ಯಾಪ್‌ಟಾಪಿನದು ಎನ್ನಬಹುದು.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ. ಐಪಿ ರೂಟ್ ಎಂದರೆ 'ಡಿಫಾಲ್ಟ್ ವಯಾ' ಮುಂದೆ ರೂಟರಿನ ವಿಳಾಸ, 'ಡೆವ್' ಮುಂದೆ ಕಾರ್ಡಿನ ಹೆಸರು ಸಿಗುತ್ತದೆ. 192.168.1.1 ಮತ್ತು ಡಬ್ಲ್ಯುಎಲ್‌ಪಿ2ಎಸ್0 ಎಂದಿಟ್ಟುಕೊಳ್ಳೋಣ. ಮುಂದಿನ ಸಲ ನಿಂತಾಗ ವೈಫೈ ಆಫ್ ಮಾಡಬೇಡಿ, ಮಾಡಿದರೆ ಆ ಹೊತ್ತಿನ ಸ್ಥಿತಿಯೇ ಕಳೆದುಹೋಗುತ್ತದೆ. ಸಾಲಾಗಿ ಮೂರು ಪಿಂಗ್ ಕೊಡಿ (ಒಂದು ವಿಳಾಸದಿಂದ ಉತ್ತರ ಬರುತ್ತದೆಯೇ ನೋಡುವ ಕಮಾಂಡ್; ಮೊದಲನೆಯದು ರೂಟರಿಗೆ, ಎರಡನೆಯದು ಹೊರಗಿನ ಇಂಟರ್ನೆಟ್ಟಿಗೆ):

ಪಿಂಗ್ -ಸಿ 5 192.168.1.1
ಪಿಂಗ್ -ಸಿ 5 1.1.1.1
ಆಮೇಲೆ ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್.

ಮೊದಲನೆಯದೇ ಹೋಗದಿದ್ದರೆ ಗಾಳಿಯಲ್ಲಿನ ತೊಂದರೆ, ಅಂದರೆ ಕಾರ್ಡ್, ಡ್ರೈವರ್, ಸಿಗ್ನಲ್. ಮೊದಲನೆಯದು ಹೋಗಿ ಎರಡನೆಯದು ಹೋಗದಿದ್ದರೆ ಫೈಬರ್ ಲೈನ್ ಅಥವಾ ರೂಟರ್, ಲಿನಕ್ಸಿನಲ್ಲಿ ಏನು ತಿದ್ದಿದರೂ ವ್ಯರ್ಥ. ಎರಡೂ ಹೋಗಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್: ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ನೋಡಿ, ಕನೆಕ್ಷನ್ನಿನ ಐಪಿವಿ4 ಸೆಟ್ಟಿಂಗಿನಲ್ಲಿ ಬೇರೆ ಡಿಎನ್‌ಎಸ್ ಕೊಡಿ. ಮೂರೂ ಸರಿ, ಆದರೂ ಕೆಲವು ತಾಣಗಳು ಮಾತ್ರ ಅರ್ಧಕ್ಕೆ ನಿಂತರೆ ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪೊಟ್ಟಣದ ಗರಿಷ್ಠ ಗಾತ್ರ) ಮೇಲೆ ಅನುಮಾನಪಡಿ. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ಅದು 1500 ಅಲ್ಲ, 1492. ಪಿಂಗ್ -ಎಂ ಡೂ -ಎಸ್ 1464 1.1.1.1 ಹೋಗಬೇಕು, ಇಲ್ಲಿ -ಎಂ ಮಾತ್ರ ದೊಡ್ಡಕ್ಷರ (1464ಕ್ಕೆ ಹೆಡರಿನ 28 ಕೂಡಿದರೆ 1492).

ಇನ್ನೊಂದು ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ -ಕೆ -ಎಫ್ ಓಡಿಸಿ ಬಿಟ್ಟಿರಿ. ನಿಂತ ಕ್ಷಣದಲ್ಲಿ ಬರುವ ಸಾಲು ಬಹಳ ಮುಖ್ಯ. 'ಕನೆಕ್ಷನ್ ಟು ಎಪಿ ... ಲಾಸ್ಟ್' ಎಂದಿದ್ದರೆ ರೂಟರಿನ ದನಿ ಲ್ಯಾಪ್‌ಟಾಪಿಗೆ ಕೇಳಿಸಲಿಲ್ಲ: ಸಿಗ್ನಲ್ ಸೋತಿದೆ ಅಥವಾ ಕಾರ್ಡ್ ಪವರ್ ಸೇವ್‌ನಲ್ಲಿ ನಿದ್ದೆಹೋಗಿದೆ. 'ಡೀಅಥೆಂಟಿಕೇಟೆಡ್ ಫ್ರಮ್ ...' ಎಂದಿದ್ದರೆ ರೂಟರೇ ಹೊರಹಾಕಿದೆ, ಮುಂದೆ ಕಾರಣದ ಸಂಖ್ಯೆ ಇರುತ್ತದೆ. 4 ಎಂದರೆ ಬಹಳ ಹೊತ್ತು ಸದ್ದಿಲ್ಲ ಎಂದು ಬಿಟ್ಟದ್ದು, 15 ಎಂದರೆ ಕೀಲಿ ವಿನಿಮಯ ಮುಗಿಯಲಿಲ್ಲ. ಪಾಸ್‌ವರ್ಡ್ ಸರಿಯಿದ್ದೂ 15 ಬರುತ್ತಿದ್ದರೆ ರೂಟರಿನಲ್ಲಿ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಇದೆಯೇ ನೋಡಿ, ಡಬ್ಲ್ಯುಪಿಎ2 ಎಇಎಸ್ ಮಾತ್ರ ಮಾಡಿ ಪರೀಕ್ಷಿಸಿ. ಸಾಲಿನ ಕೊನೆಯಲ್ಲಿ 'ಬೈ ಲೋಕಲ್ ಚಾಯ್ಸ್' ಎಂದಿದ್ದರೆ ಬಿಟ್ಟದ್ದು ನಿಮ್ಮ ಲ್ಯಾಪ್‌ಟಾಪೇ.

ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಲಿಂಕ್ ಕೊಟ್ಟರೆ ಸಿಗ್ನಲ್ ಡಿಬಿಎಂನಲ್ಲಿ ಬರುತ್ತದೆ. -65ರ ಆಸುಪಾಸು ಇದ್ದರೆ ನಿಶ್ಚಿಂತೆ, -80 ದಾಟಿದರೆ ಯಾವ ಡ್ರೈವರೂ ಕಾಪಾಡುವುದಿಲ್ಲ. ಪಿಂಗ್, ಲಾಗ್, ಸಿಗ್ನಲ್ ಇವುಗಳ ಫಲಿತಾಂಶ ಇಲ್ಲಿ ಹಾಕಿ.

ಉತ್ತರ – ಸಕ್ರೆಬೈಲು

ಮೇಲಿನವರು ಹೇಳಿದ ಕ್ರಮವೇ ಸರಿ. ಆ ಫಲಿತಾಂಶ ಬರುವಷ್ಟರಲ್ಲಿ ಡ್ರೈವರಿನ ಗೋಜಲು ಬಿಡಿಸಿಕೊಳ್ಳಿ, ಯಾಕೆಂದರೆ ನಿಮ್ಮ ಕಾರ್ಡಿಗೆ ಎರಡು ಡ್ರೈವರ್‌ಗಳಿವೆ. ಒಂದು ಕರ್ನಲ್ ಒಳಗೇ ಇರುವ ಆರ್‌ಟಿಡಬ್ಲ್ಯು88. ಇನ್ನೊಂದು ನೀವು ಹಾಕಿದ, ಹೊರಗಿನಿಂದ ಡಿಕೆಎಂಎಸ್ ಮೂಲಕ ಕಟ್ಟುವಂಥದ್ದು. ಕರ್ನಲ್ ಒಳಗೆ ಬೆಂಬಲ ಇಲ್ಲದ ಕಾಲಕ್ಕೆ ಹೊರಗಿನದೇ ಗತಿಯಾಗಿತ್ತು. ಈಗ ಅದನ್ನು ಇಟ್ಟುಕೊಳ್ಳುವುದರಲ್ಲಿ ಲಾಭವಿಲ್ಲ. ಪ್ರತಿ ಕರ್ನಲ್ ಅಪ್‌ಡೇಟಿಗೂ ಅದು ಮತ್ತೆ ಕಟ್ಟಬೇಕು, ಕಟ್ಟುವಾಗ ಎಡವಿದರೆ ಮರುದಿನ ವೈಫೈಯೇ ಇರುವುದಿಲ್ಲ.

ತೆಗೆಯುವುದು ಹೀಗೆ. ಡಿಕೆಎಂಎಸ್ ಸ್ಟೇಟಸ್ ಕೊಟ್ಟು ಹೆಸರು ನೋಡಿ. ಪ್ಯಾಕೇಜ್ ಆಗಿ ಬಂದಿದ್ದರೆ ಸುಡೋ ಆಪ್ಟ್ ಪರ್ಜ್ ಆರ್‌ಟಿಎಲ್8821ಸಿಇ-ಡಿಕೆಎಂಎಸ್. ಕೈಯಾರೆ ಕಟ್ಟಿದ್ದರೆ ಸುಡೋ ಡಿಕೆಎಂಎಸ್ ರಿಮೂವ್, ಮುಂದೆ ಆ ಹೆಸರು/ಆವೃತ್ತಿ, ಕೊನೆಯಲ್ಲಿ --ಆಲ್. ಇಷ್ಟಕ್ಕೇ ನಿಲ್ಲಿಸಬೇಡಿ. ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್.ಡಿಯಲ್ಲಿ 'ಬ್ಲ್ಯಾಕ್‌ಲಿಸ್ಟ್ ಆರ್‌ಟಿಡಬ್ಲ್ಯು88_8821ಸಿಇ' ಎಂಬ ಸಾಲು ಉಳಿದಿರುತ್ತದೆ, ಹುಡುಕಿ ಅಳಿಸಿ. ಅದು ಉಳಿದರೆ ಒಳಗಿನ ಡ್ರೈವರೂ ಏಳುವುದಿಲ್ಲ, ಕಾರ್ಡೇ ಸತ್ತಿದೆ ಎಂದು ಜನ ತಿಳಿಯುತ್ತಾರೆ.

ಆಮೇಲೆ ಕರ್ನಲ್. ಮಿಂಟ್ 21.3ರಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು ವ್ಯೂ, ಲಿನಕ್ಸ್ ಕರ್ನಲ್ಸ್ ಒಳಗೆ 6.8 ಸಾಲಿನದನ್ನು ಹಾಕಿ. ಈ ಡ್ರೈವರಿಗೆ 5.15ರ ನಂತರ ಬಹಳ ತಿದ್ದುಪಡಿ ಬಂದಿವೆ. 5.15ನ್ನು ತೆಗೆಯಬೇಡಿ, ತೊಂದರೆಯಾದರೆ ಗ್ರಬ್ ಮೆನುವಿನಿಂದ ಅದಕ್ಕೆ ಮರಳಬಹುದು.

ಈಗ ನಿದ್ದೆಯ ವಿಷಯ. 'ಕನೆಕ್ಟೆಡ್ ಇದೆ, ಪುಟ ಬರುವುದಿಲ್ಲ, ಆಫ್ ಆನ್ ಮಾಡಿದರೆ ಸರಿ' ಅನ್ನುವ ಲಕ್ಷಣ ಈ ಕಾರ್ಡಿನಲ್ಲಿ ಬಹುತೇಕ ಪವರ್ ಸೇವ್‌ನಿಂದ ಬರುವಂಥದ್ದು. ಮೂರು ಕಡೆ ನಿದ್ದೆ ಬಿಡಿಸಬೇಕು. ಮಾಡ್‌ಪ್ರೋಬ್.ಡಿ ಒಳಗೆ ಆರ್‌ಟಿಡಬ್ಲ್ಯು88.ಕಾನ್ಫ್ ಎಂಬ ಹೊಸ ಕಡತ ಮಾಡಿ ಎರಡು ಸಾಲು ಬರೆಯಿರಿ:

ಆಪ್ಷನ್ಸ್ ಆರ್‌ಟಿಡಬ್ಲ್ಯು88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=ವೈ
ಆಪ್ಷನ್ಸ್ ಆರ್‌ಟಿಡಬ್ಲ್ಯು88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=ವೈ

ಮೊದಲನೆಯದು ಕಾರ್ಡಿನ ಒಳಗಿನ ಗಾಢ ನಿದ್ದೆ, ಎರಡನೆಯದು ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಪಿಸಿಐ ಕೊಂಡಿಯ ನಿದ್ದೆ. ಮೂರನೆಯದು ನೆಟ್‌ವರ್ಕ್‌ಮ್ಯಾನೇಜರಿನದು: ಅದರ ಕಾನ್ಫ್.ಡಿ ಫೋಲ್ಡರಿನಲ್ಲಿ ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್.ಕಾನ್ಫ್ ಕಡತವಿದೆ, ಅದರಲ್ಲಿ ವೈಫೈ.ಪವರ್‌ಸೇವ್ = 3 ಇರುವುದನ್ನು 2 ಮಾಡಿ. 3 ಎಂದರೆ ನಿದ್ದೆ ಇರಲಿ, 2 ಎಂದರೆ ಬೇಡ. 0 ಹಾಕಿದರೆ ನಿದ್ದೆ ನಿಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಹಾಗಲ್ಲ, 0 ಅಂದರೆ ಡಿಫಾಲ್ಟ್. ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಕೊಟ್ಟು, ರೀಸ್ಟಾರ್ಟ್ ಬದಲು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿ. ಪಕ್ಕದಲ್ಲಿ ವಿಂಡೋಸ್ ಕೂಡ ಇದ್ದರೆ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಲೇಬೇಕು. ಅದಿದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ, ಕಾರ್ಡ್ ಅರೆಬರೆ ಸ್ಥಿತಿಯಲ್ಲಿ ಲಿನಕ್ಸಿನ ಕೈಗೆ ಬರುತ್ತದೆ.

ಹತ್ತಿತೋ ಇಲ್ಲವೋ ನೋಡದೆ ಮುಂದೆ ಹೋಗಬೇಡಿ. ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಗೆಟ್ ಪವರ್_ಸೇವ್ ಎಂದರೆ 'ಆಫ್' ಬರಬೇಕು. ಸಿಸ್ ಫೋಲ್ಡರಿನೊಳಗೆ ಮಾಡ್ಯೂಲ್, ಆರ್‌ಟಿಡಬ್ಲ್ಯು88_ಪಿಸಿಐ, ಪ್ಯಾರಾಮೀಟರ್ಸ್, ಅದರಲ್ಲಿ ಡಿಸೇಬಲ್_ಎಎಸ್‌ಪಿಎಂ ಕಡತ ತೆರೆದರೆ ದೊಡ್ಡಕ್ಷರದ ವೈ ಇರಬೇಕು. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಮುಚ್ಚಳ ತೆರೆದಾಗ ಪಟ್ಟಿ ಖಾಲಿಯಾಗುವುದಕ್ಕೆ: ಮೊದಲು ಆರ್‌ಎಫ್‌ಕಿಲ್ ಲಿಸ್ಟ್ ನೋಡಿ. 'ಸಾಫ್ಟ್ ಬ್ಲಾಕ್ಡ್' ಯೆಸ್ ಇದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಸಾಕು. 'ಹಾರ್ಡ್' ಯೆಸ್ ಇದ್ದರೆ ಕೀಲಿಮಣೆಯ ವಿಮಾನದ ಗುಂಡಿ ಅಥವಾ ಪಕ್ಕದ ಸ್ವಿಚ್. ಎರಡೂ ನೋ ಇದ್ದರೆ ಸುಡೋ ಮಾಡ್‌ಪ್ರೋಬ್ -ಆರ್ ಆರ್‌ಟಿಡಬ್ಲ್ಯು88_8821ಸಿಇ, ಆಮೇಲೆ -ಆರ್ ಇಲ್ಲದೆ ಅದನ್ನೇ ಮತ್ತೊಮ್ಮೆ. ಇದರಿಂದ ಎದ್ದು ಬಂದರೆ ಆ ಎರಡು ಸಾಲನ್ನು ಸಿಸ್ಟಮ್‌ಡಿಯ ಸಿಸ್ಟಮ್-ಸ್ಲೀಪ್ ಫೋಲ್ಡರಿನಲ್ಲಿ ಒಂದು ಸ್ಕ್ರಿಪ್ಟ್ ಆಗಿ ಇಡಿ: 'ಪ್ರೀ' ಬಂದಾಗ ತೆಗೆಯುವುದು, 'ಪೋಸ್ಟ್' ಬಂದಾಗ ಹಾಕುವುದು. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಕೊಡದಿದ್ದರೆ ಅದು ಓಡುವುದೇ ಇಲ್ಲ, ಎಲ್ಲೂ ದೂರುವುದೂ ಇಲ್ಲ.

ತುಂಗೆದಡ

ಧನ್ಯವಾದ. ಹಳೆಯ ಡಿಕೆಎಂಎಸ್ ತೆಗೆದೆ, ಬ್ಲ್ಯಾಕ್‌ಲಿಸ್ಟ್ ಸಾಲು ನಿಜಕ್ಕೂ ಉಳಿದಿತ್ತು. ಕರ್ನಲ್ 6.8, ಡ್ರೈವರ್ ಆರ್‌ಟಿಡಬ್ಲ್ಯು88_8821ಸಿಇ, ಪವರ್ ಸೇವ್ ಆಫ್. ಕೆಳಗೆ ಜಗಲಿಯಲ್ಲಿ ಕೂತರೆ ಈಗ ಕಡಿಯುವುದೇ ಇಲ್ಲ. ಮುಚ್ಚಳದ ತೊಂದರೆಯೂ ಹೋಗಿದೆ.

ಮೆತ್ತಿನ ಮೇಲೆ ಮಾತ್ರ ಇನ್ನೂ ಇದೆ. ನಿಂತಾಗ ರೂಟರಿನ ಪಿಂಗೇ ಹೋಗುವುದಿಲ್ಲ, ಲಾಗಿನಲ್ಲಿ 'ಕನೆಕ್ಷನ್ ಟು ಎಪಿ ಲಾಸ್ಟ್'. ಮೇಲೆ 5 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ -82, 2.4ರಲ್ಲಿ -63. ಎರಡಕ್ಕೂ ಒಂದೇ ಹೆಸರು. ಐಡಬ್ಲ್ಯು ರೆಗ್ ಗೆಟ್ ಕೊಟ್ಟರೆ 'ಕಂಟ್ರಿ 00' ಅನ್ನುತ್ತದೆ. ಡೇಟಾ ಆಫ್ ಮಾಡಿದ ಫೋನ್ ಕೂಡ ಕರೆಂಟ್ ಹೋಗಿ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಉತ್ತರ – ಇಕ್ಕೇರಿದಾರಿ, ಸಾಗರ

ಇನ್ನು ಉಳಿದದ್ದು ಮನೆಯ ವಿಷಯ ಮಾರಾಯ್ರೆ, ಕಾರ್ಡಿನದಲ್ಲ. -63ಕ್ಕೂ -82ಕ್ಕೂ 19 ಡೆಸಿಬೆಲ್ ಅಂತರ. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು, ಹಾಗಾಗಿ ಮೆತ್ತಿಗೆ ತಲುಪುವ 5 ಗಿಗಾಹರ್ಟ್ಸ್ ಶಕ್ತಿ 2.4ರದ್ದಕ್ಕಿಂತ ಸುಮಾರು 80 ಪಟ್ಟು ಕಡಿಮೆ. ಹೆಸರು ಒಂದೇ ಆದ್ದರಿಂದ ಲ್ಯಾಪ್‌ಟಾಪ್ ಕೆಳಗೆ ಹಿಡಿದ 5ನ್ನು ಮೇಲೂ ಬಿಡದೆ ಎಳೆದುಕೊಂಡು ಹೋಗಿ ಕೊನೆಗೆ ಕಳೆದುಕೊಳ್ಳುತ್ತಿದೆ.

ಮಳೆಯ ಪ್ರಶ್ನೆ ಕೇಳಿದ್ದೀರಿ. ಮನೆಯೊಳಗಿನ ದೂರಕ್ಕೆ ಮಳೆಹನಿ 2.4ನ್ನೂ 5ನ್ನೂ ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ, ಆಗುಂಬೆ ಮಳೆಯಾದರೂ ಅಷ್ಟೇ. ಡಿಟಿಎಚ್ ಚಿತ್ರ ಹೋಗುತ್ತದಲ್ಲ, ಅದು 10 ಗಿಗಾಹರ್ಟ್ಸ್ ದಾಟಿದ ಕೆಯು ಬ್ಯಾಂಡಾದ್ದರಿಂದ. ಆದರೆ ಗೋಡೆ ಬೇರೆ ಮಾತು. ಜಂಬಿಟ್ಟಿಗೆ ಕಲ್ಲಿನ ತುಂಬ ತೂತು, ಮಳೆಗಾಲದಲ್ಲಿ ನೀರು ಕುಡಿದು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ನೀರು ರೇಡಿಯೊ ಅಲೆಯನ್ನು ನುಂಗುತ್ತದೆ, 5 ಗಿಗಾಹರ್ಟ್ಸ್ ಅನ್ನು ಇನ್ನೂ ಹೆಚ್ಚು. ಹಂಚಿನಡಿ ಅಥವಾ ಜಗಲಿ ಮುಂದೆ ತಗಡಿನ ಶೀಟ್ ಹೊಡೆದಿದ್ದರೆ ಅಲೆ ಅಲ್ಲಿಂದ ದಾಟುವುದೇ ಇಲ್ಲ, ತಿರುಗಿ ಬರುತ್ತದೆ. ಮೆತ್ತಿನ ಮರದ ಹಲಗೆ ಮಾತ್ರ ಇವುಗಳಷ್ಟು ಅಡ್ಡಿಯಲ್ಲ. ಆದ್ದರಿಂದ ರೂಟರನ್ನು ಜಗಲಿಯ ಮೂಲೆಯಿಂದ ತೆಗೆದು ಮೆತ್ತಿನ ಏಣಿಯ ಬಾಯಿಗೆ ನೇರ ಕಾಣುವ ಹಾಗೆ, ತಲೆಯೆತ್ತರದಲ್ಲಿ ಇಡಿ. ಗೋಡೆಗೂ ಕಬ್ಬಿಣದ ಕಪಾಟಿಗೂ ಅಂಟಿಸಬೇಡಿ. ಎಷ್ಟೋ ಮನೆಯಲ್ಲಿ ಇಷ್ಟಕ್ಕೇ ಮುಗಿಯುತ್ತದೆ.

ರೂಟರಿನ ಸೆಟ್ಟಿಂಗಿನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಡಿ. ಅದು ಆಗದಿದ್ದರೆ ಲ್ಯಾಪ್‌ಟಾಪಿನಲ್ಲಿ ಎನ್‌ಎಂ-ಕನೆಕ್ಷನ್-ಎಡಿಟರ್ ತೆರೆದು ಆ ಕನೆಕ್ಷನ್ನಿನ ವೈಫೈ ಪುಟದಲ್ಲಿ ಬ್ಯಾಂಡ್ ಜಾಗಕ್ಕೆ ಬಿ/ಜಿ ಆರಿಸಿ, ಅಂದರೆ 2.4. ಅಲ್ಲೇ ಬಿಎಸ್‌ಎಸ್‌ಐಡಿ (ರೂಟರಿನ ಆ ಬ್ಯಾಂಡಿನ ವಿಳಾಸ) ಕೂಡ ತುಂಬಿದರೆ ಹಿನ್ನೆಲೆಯಲ್ಲಿ ಬೇರೆ ರೂಟರ್ ಹುಡುಕುವ ಕೆಲಸವೂ ನಿಲ್ಲುತ್ತದೆ, ಕರೆಯ ನಡುವೆ ಬರುವ ಸಣ್ಣ ತಡವರಿಕೆ ಹೋಗುತ್ತದೆ. 2.4ಕ್ಕೆ ಚಾನೆಲ್ 1, 6, 11ರಲ್ಲಿ ಒಂದು, ಅಗಲ 20 ಮೆಗಾಹರ್ಟ್ಸ್. ಹಳ್ಳಿಮನೆಗೆ ನೆರೆಯ ವೈಫೈ ಕಾಟವಿಲ್ಲ, ಶಿವಮೊಗ್ಗ ಪೇಟೆಯ ಅಪಾರ್ಟ್‌ಮೆಂಟಿನವರು ಮಾತ್ರ ಎನ್‌ಎಂಸಿಎಲ್‌ಐ ಡೆವ್ ವೈಫೈ ಲಿಸ್ಟ್ ನೋಡಿ ಖಾಲಿ ಇರುವುದನ್ನು ಆರಿಸಲಿ. ಒಂದು ಎಚ್ಚರ: ಈ ಕಾರ್ಡಿನಲ್ಲಿ ಬ್ಲೂಟೂತ್‌ಗೂ ವೈಫೈಗೂ ಆಂಟೆನಾ ಒಂದೇ. ಬ್ಲೂಟೂತ್ ಇಯರ್‌ಫೋನ್ ಹಾಕಿ 2.4ರಲ್ಲಿ ವೀಡಿಯೊ ಕರೆ ಮಾಡಿದರೆ ಎರಡೂ ತೊದಲುತ್ತವೆ. ತಂತಿಯ ಇಯರ್‌ಫೋನ್ ಬಳಸಿ.

'ಕಂಟ್ರಿ 00' ಎಂದರೆ ಯಾವ ದೇಶವೆಂದು ಗೊತ್ತಿಲ್ಲದ ಸ್ಥಿತಿ. ಆಗ ಚಾನೆಲ್ 12, 13 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಕಾರ್ಡ್ ತಾನಾಗಿ ಕೂಗಿ ಹುಡುಕುವುದಿಲ್ಲ, ರೂಟರಿನ ದನಿಗೆ ಕಾಯುತ್ತ ಕೇಳಿಸಿಕೊಳ್ಳುತ್ತದೆ ಅಷ್ಟೆ. ದನಿ ಕ್ಷೀಣವಿದ್ದರೆ 5ರ ಹೆಸರು ಒಮ್ಮೆ ಸಿಕ್ಕಿ ಒಮ್ಮೆ ತಪ್ಪುವುದು ಇದರಿಂದಲೇ. ಹೆಸರು ಅಡಗಿಸಿಟ್ಟ ರೂಟರಾದರೆ ಸಿಗುವುದೇ ಕಷ್ಟ. ಸುಡೋ ಐಡಬ್ಲ್ಯು ರೆಗ್ ಸೆಟ್ ಐಎನ್ ಕೊಡಿ, ಐಎನ್ ದೊಡ್ಡಕ್ಷರದಲ್ಲಿ. ಕಾಯಂ ಆಗಬೇಕಾದರೆ ಮಾಡ್‌ಪ್ರೋಬ್.ಡಿ ಕಡತದಲ್ಲಿ ಆಪ್ಷನ್ಸ್ ಸಿಎಫ್‌ಜಿ80211 ಐಇಇಇ80211_ರೆಗ್‌ಡಾಮ್=ಐಎನ್. ಭಾರತದಲ್ಲಿ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗಕ್ಕೆ 2018ರಲ್ಲಿ ಲೈಸೆನ್ಸ್ ವಿನಾಯಿತಿ ಸಿಕ್ಕಿದೆ. ಆದರೂ ರೂಟರನ್ನು 36ರಿಂದ 48ರ ನಡುವಿನ ಚಾನೆಲಿನಲ್ಲಿ ಇಡುವುದು ಒಳ್ಳೆಯದು, ಹಳೆಯ ಸಾಧನಗಳಿಗೂ ಅವು ಸಿಗುತ್ತವೆ.

ಕರೆಂಟಿನದು: ಇನ್ವರ್ಟರ್ ಬದಲಾಗುವ ಆ ಕಣ್ಣುಮಿಟುಕಿನಲ್ಲೇ ರೂಟರ್ ಆರಿ ಮತ್ತೆ ಏಳುತ್ತದೆ, ಫೈಬರ್ ಹಿಡಿಯಲು ಒಂದೆರಡು ನಿಮಿಷ ಬೇಕು. ಇದಕ್ಕೆ ರೂಟರಿಗೆಂದೇ ಸಿಗುವ ಸಣ್ಣ ಡಿಸಿ ಯುಪಿಎಸ್ ಇದೆ. ತರುವ ಮೊದಲು ರೂಟರಿನ ತಳದ ಚೀಟಿ ಓದಿ: ವೋಲ್ಟ್ ಅಷ್ಟೇ ಇರಬೇಕು (ಹೆಚ್ಚಿನವು 12), ಆಂಪ್ ಅಷ್ಟು ಅಥವಾ ಹೆಚ್ಚು, ಪಿನ್ನಿನ ನಡುವಿನದು ಪ್ಲಸ್ಸೋ ಮೈನಸ್ಸೋ ಹೊಂದಬೇಕು.

ಜಾಗ ಬದಲಿಸಿಯೂ ಮೆತ್ತಿಗೆ ಸಾಲದಿದ್ದರೆ ರಿಪೀಟರ್ ತರಬೇಡಿ. ಸಾಮಾನ್ಯ ರಿಪೀಟರ್ ಅದೇ ಚಾನೆಲಿನಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಕ್ಯಾಟ್ 6 ಕೇಬಲ್ ಮೇಲಕ್ಕೆ ಎಳೆದು ಹಳೆಯ ರೂಟರೊಂದನ್ನು ಅಲ್ಲಿ ಹಚ್ಚಿ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್, ವಿಳಾಸ 192.168.1.2, ಕೇಬಲ್ ಚುಚ್ಚುವುದು ಅದರ ಲ್ಯಾನ್ ತೂತಿಗೆ, ವ್ಯಾನ್‌ಗಲ್ಲ, ಚಾನೆಲ್ ಕೆಳಗಿನದಕ್ಕಿಂತ ಬೇರೆ. ಒಂದೇ ಮಾಡಿನಡಿ ತಾಮ್ರದ ಕೇಬಲ್ ಸರಿ. ಅಂಗಳ ದಾಟಿ ಕೊಟ್ಟಿಗೆಗೋ ಅಡಕೆ ಮನೆಗೋ ಎಳೆಯುವುದಾದರೆ ತಾಮ್ರ ಬೇಡ, ಏಪ್ರಿಲ್ ಮೇ ಗುಡುಗಿನ ಕಾಲದಲ್ಲಿ ಎರಡೂ ತುದಿಯ ಸಾಧನ ಸುಡುತ್ತವೆ. ಅಲ್ಲಿಗೆ ಫೈಬರ್ ಎಳೆಸಿ. ಅದರಲ್ಲೂ ಜೊತೆಗೆ ಬರುವ ಉಕ್ಕಿನ ತಂತಿ ಮನೆಯ ಹೊರಗೇ ನಿಲ್ಲಬೇಕು, ರೂಟರಿನವರೆಗೆ ತರಬಾರದು.

ಹೊಸನಗರ_ಹಂಚು

ಇದೇ ದಾರದಲ್ಲಿ ಕೇಳುತ್ತೇನೆ: ಹಳೆಯ ಲ್ಯಾಪ್‌ಟಾಪಿಗೆ ಹೊಸದಾಗಿ ಮಿಂಟ್ ಹಾಕಿದ ಮೇಲೆ ವೈಫೈ ಕಾಣುವುದೇ ಇಲ್ಲ. ಕಾರ್ಡ್ 14ಇ4:4365. ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ?

ಉತ್ತರ – ಸಕ್ರೆಬೈಲು

ಅದು ಬಿಸಿಎಂ43142. ಅದಕ್ಕೆ ಕರ್ನಲ್ ಒಳಗೆ ಡ್ರೈವರ್ ಇಲ್ಲ, 'ಡಬ್ಲ್ಯುಎಲ್' ಎಂಬ ಹೊರಗಿನದು ಬೇಕು. ಫೋನನ್ನು ಡೇಟಾ ಕೇಬಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದಕ್ಕೆ ಲಿನಕ್ಸಿನಲ್ಲಿ ಬೇರೇನೂ ಹಾಕಬೇಕಿಲ್ಲ. ಫೋನ್ ಮನೆಯ ವೈಫೈಯಲ್ಲೇ ಇದ್ದರೆ ಟೆದರಿಂಗ್ ಅದನ್ನೇ ಹಂಚುತ್ತದೆ, ಡೇಟಾ ಖರ್ಚಾಗುವುದಿಲ್ಲ. ಸುಡೋ ಆಪ್ಟ್ ಅಪ್‌ಡೇಟ್, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್ ತೋರಿಸುತ್ತದೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವು ಸೆಕೆಂಡು ಮಾತ್ರ ನಿಲ್ಲುತ್ತದೆ. ತಪ್ಪಿಹೋದರೆ ಡ್ರೈವರ್ ಇದ್ದೂ ಏಳುವುದಿಲ್ಲ, ಮಾಡ್‌ಪ್ರೋಬ್ ಡಬ್ಲ್ಯುಎಲ್ ಕೊಟ್ಟರೆ 'ಕೀ ವಾಸ್ ರಿಜೆಕ್ಟೆಡ್' ಅನ್ನುತ್ತದೆ. ಆಗ ಎಂಒಕೆಯುಟಿಲ್ --ಇಂಪೋರ್ಟ್‌ನಿಂದ ಕೀಲಿಯನ್ನು ಮತ್ತೆ ಸೇರಿಸಿ. ಈ ಕಾರ್ಡ್ 2.4 ಮಾತ್ರ ಹಿಡಿಯುತ್ತದೆ, 5ರ ಹೆಸರಿಗಾಗಿ ಹುಡುಕಬೇಡಿ.

ಉತ್ತರ – ಕರ್ನಲ್‌ಕಾನು, ಶಿವಮೊಗ್ಗ

ತುಂಗೆದಡ ಅವರೇ, ಕಡ್ಡಿಯ ಪ್ರಶ್ನೆ ಉಳಿದಿತ್ತು. ಇಷ್ಟಾದ ಮೇಲೂ ಬೇಕೆನಿಸಿದರೆ ಹೊರಗಿನ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಚಿಪ್ ನೋಡಿ. ಎಂಟಿ7612ಯು, ಎಂಟಿ7610ಯು ಚಿಪ್ಪಿನವು ಕರ್ನಲ್‌ನಲ್ಲೇ ಇರುವ ಡ್ರೈವರಿನಿಂದ ಓಡುತ್ತವೆ. ಎಂಟಿ7921ಎಯು ಇದ್ದರೆ ಕರ್ನಲ್ 5.18 ಅಥವಾ ಮುಂದಿನದು ಬೇಕು, ನಿಮ್ಮಲ್ಲಿ ಈಗ 6.8 ಇರುವುದರಿಂದ ಅಡ್ಡಿಯಿಲ್ಲ.

ಒಳಗಿನ ಕಾರ್ಡನ್ನೇ ಬದಲಿಸುವುದು ಇನ್ನೂ ಒಳ್ಳೆಯ ದಾರಿ. ಇಂಟೆಲ್ ಎಎಕ್ಸ್210 ತಗೊಳ್ಳಿ, ಎಎಕ್ಸ್201 ಅಲ್ಲ. 201 ನೋಡಲು ಹಾಗೇ ಇದ್ದರೂ ಅದರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರಿನ ಕಡೆಯೇ ಇರುತ್ತದೆ, ಅದಕ್ಕೆ ಹೊಂದುವ ಬೋರ್ಡ್ ಅಲ್ಲದಿದ್ದರೆ ಏಳುವುದಿಲ್ಲ. ಮೊದಲು ಹಿಂಬದಿ ಬಿಚ್ಚಿ ಎರಡು ವಿಷಯ ನೋಡಿ: ಕಾರ್ಡ್ ಎಂ.2 2230 ಅಳತೆಯದೇ, ಆಂಟೆನಾ ತಂತಿ ಎರಡು ಇವೆಯೇ. ನಿಮ್ಮದು ಒಂದೇ ಆಂಟೆನಾದ ಕಾರ್ಡ್ ಆದ್ದರಿಂದ ಕೆಲವು ಮಾಡೆಲಿನಲ್ಲಿ ತಂತಿಯೂ ಒಂದೇ ಇರುತ್ತದೆ, ಆಗ ಹೊಸ ಕಾರ್ಡಿನ ಲಾಭ ಪೂರ್ತಿ ಸಿಗುವುದಿಲ್ಲ. ತಂತಿಯ ತುದಿಯ ಗುಂಡಿ ಬಹಳ ಸೂಕ್ಷ್ಮ, ನೇರ ಮೇಲಕ್ಕೆ ಎತ್ತಿ, ನೇರ ಕೆಳಕ್ಕೆ ಒತ್ತಿ. ಬ್ಯಾಟರಿ ಕನೆಕ್ಟರ್ ಕಳಚಿಯೇ ಈ ಕೆಲಸ ಮಾಡಿ.

ಕಡ್ಡಿಯನ್ನೇ ಆರಿಸಿದರೆ ಪಕ್ಕದ ಯುಎಸ್‌ಬಿ 3 ತೂತಿನಲ್ಲಿ ಹಾರ್ಡ್‌ಡಿಸ್ಕ್ ಚುಚ್ಚಬೇಡಿ. ಯುಎಸ್‌ಬಿ 3ರ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ. ಅರ್ಧ ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕಡ್ಡಿಯನ್ನು ದೂರವಿಟ್ಟರೆ ಸಾಕು.